ನಾಲ್ಕು ಚುಕ್ಕಿ

ಹೊಸಪೇಟೆ ಕಡೆಯಿಂದ ಬರುವ ಪ್ಯಾಸೆಂಜರಿನಲ್ಲಿ
ಕಿಟಕಿಗೆ ಕೂತವರಿಗೆ ಗೊತ್ತು:
ದೂರಕ್ಕೆ ಬಳ್ಳಾರಿಗೆ ಒಂದೇ ಗುಡ್ಡ.
ರೈಲು ಒಂಚೂರು ವಾಲಿ ತಿರುಗಿದ ಮೇಲೆ
ಅದರ ಬೆನ್ನ ಹಿಂದಿನಿಂದ
ಕುಂಬಾರಗುಡ್ಡ ಮೆಲ್ಲಗೆ ಸರಿದು ಬರುತ್ತದೆ,
ಇಷ್ಟೊತ್ತೂ ಇಲ್ಲೇ ಇದ್ದೆನಲ್ಲ ಅನ್ನುವ ಹಾಗೆ.

ಗಾದಿಲಿಂಗನಿಗೆ ಸಾಫ್ಟ್‌ವೇರು ಕಲಿಸುವಾಗ
ನಾನು ಹೇಳಿದ್ದು ಇಷ್ಟೇ.
ಹುಡುಗ ಹೊಸಬ. ತಲೆಯಾಡಿಸಿದ.

ಯಂತ್ರ ಗುಡ್ಡ ಕೊಡುವುದಿಲ್ಲ, ಚುಕ್ಕಿ ಕೊಡುತ್ತದೆ.
ಒಂದೊಂದಕ್ಕೂ ಒಂದು ತೂಕ, ಒಂದು ಗಳಿಗೆ, ಒಂದು ಎತ್ತರ.
ಒಂದು ಹನಿ ನೀರಿಗೆ ನಾಲ್ಕು ಲಕ್ಷ ಚುಕ್ಕಿ.
ರಂಗೋಲಿಯದಲ್ಲ; ಇಟ್ಟ ಕೈ ಇಲ್ಲ,
ಯಾವುದರಿಂದ ಯಾವುದಕ್ಕೆ ಎಳೆಯಬೇಕೆಂದು
ಯಾವ ಅಜ್ಜಿಯೂ ಹೇಳಿಕೊಟ್ಟಿಲ್ಲ.
ಅದಕ್ಕೇ ಕಟ್ಟಳೆ ನಾವು ಬರೆದುಕೊಡಬೇಕು:
ತೂಕದಲ್ಲಿ ಇಷ್ಟರೊಳಗಿದ್ದರೆ ಒಂದೇ ಮನೆಯವರು,
ಎರಡು ಸಲ ತಪ್ಪಿಸಿಕೊಂಡರೆ ಮಾಫಿ,
ಮೂರನೇ ಸಲಕ್ಕೆ ಸಂಬಂಧ ಕಡಿಯಿತು;
ಐದು ಚುಕ್ಕಿ ಕೂಡದ ಗುಂಪು
ಗುಂಪಲ್ಲ, ಗದ್ದಲ.
ಒರೆಸಿ ಹಾಕು.

ಸಡಿಲ ಬಿಟ್ಟರೆ ಎರಡು ಗುಡ್ಡ ಒಂದಾಗುತ್ತವೆ,
ಬಿಗಿ ಮಾಡಿದರೆ ಒಂದೇ ಮನೆಗೆ ಮೂರು ಒಲೆ.
ಸರಿಯಾದ ಅಳತೆ ಯಾವುದು ಮೇಡಂ, ಅಂದ.
ಹನ್ನೊಂದು ವರ್ಷದಿಂದ ನಾನೂ ಅದನ್ನೇ ಕೇಳಾಕತ್ತೀನಪ್ಪ.

ಏಪ್ರಿಲ್. ಹೊರಗೆ ನಲವತ್ತಮೂರು,
ಯಂತ್ರದ ಕೋಣೆಗೆ ಮಾತ್ರ ಇಪ್ಪತ್ತೆರಡು.
ಜೀನ್ಸ್ ತೊಳೆಯುವ ಶೆಡ್ಡುಗಳ ಹಿಂದಿನ ಓಣಿಯಿಂದ
ಏಳು ಬಾಟಲಿ ಬೋರಿನ ನೀರು.
ಹೊತ್ತು ತಂದವಳು ಹೊನ್ನೂರ್‌ಬಿ,
ಪ್ಯಾಂಟಿನ ದಾರ ಕತ್ತರಿಸುವವಳು,
ಉಗುರಿನ ಬುಡದಲ್ಲಿ ತೊಳೆದರೂ ಹೋಗದ ನೀಲಿ.
ಏಳಕ್ಕೂ ಚೀಟಿ, ಮಗಳ ಅಕ್ಷರ:
ನಮ್ಮನಿ. ದರ್ಗಾ ಬಾಜು. ಎರ್ರಿಸ್ವಾಮಿ ಮನಿ.
ಮುಚ್ಚಿದ ಹಿಟ್ಟಿನ ಗಿರಣಿ...
"ನೋಡಾಕ ತಿಳಿನೀರ ಐತ್ರಿ. ಆದ್ರ ಅನ್ನ ಮಾಡಿದ್ರ
ನಾಲಿಗಿ ತುದಿಗೆ ಏನೋ ನಿಲ್ಲತೈತಿ."

ಸಾಫ್ಟ್‌ವೇರು ಮೂರು ನಿಮಿಷಕ್ಕೆ ಹೇಳಿ ಮುಗಿಸಿತು.
ಸೋಪಿನದೊಂದು ಗುಡ್ಡ, ಪ್ಲಾಸ್ಟಿಕ್ಕಿನ ಎಂದಿನ ಗುಡ್ಡ,
ಮಿಕ್ಕಂತೆ ಏನೂ ಇಲ್ಲ.
ಗಾದಿಲಿಂಗ ವರದಿ ಟೈಪು ಮಾಡಲು ಕೂತ.

ನಾನು ಒರೆಸಿಹಾಕಿದ್ದನ್ನು ತೆರೆದೆ.
ಅದೊಂದು ಚಟ, ಅಷ್ಟೆ.
ಅಕ್ಕಿ ಆರಿಸಿ ಆದ ಮೇಲೂ ಅವ್ವ
ಕಸದಲ್ಲಿ ಇನ್ನೊಮ್ಮೆ ಬೆರಳಾಡಿಸುತ್ತಿದ್ದಳಲ್ಲ, ಹಾಗೆ.

ನಮ್ಮನಿ: ಒಂಬತ್ತನೇ ನಿಮಿಷದ ಹತ್ತಿರ ನಾಲ್ಕು ಚುಕ್ಕಿ.
ನಾಲ್ಕೇ. ಕಟ್ಟಳೆಗೆ ಒಂದು ಕಮ್ಮಿ.
ದರ್ಗಾ ಬಾಜು: ಅದೇ ತೂಕ, ಅದೇ ಗಳಿಗೆ, ಮೂರು.
ಎರ್ರಿಸ್ವಾಮಿ ಮನಿ: ನಾಲ್ಕು.
ಗಿರಣಿ: ನಾಲ್ಕು, ನಡುವೆ ಒಂದು ಹಲ್ಲು ಬಿದ್ದಂತೆ.
ಉಳಿದ ಮೂರರಲ್ಲೂ ಹೀಗೇ.
ತಾಳೆಗೆಂದು ಹಾಕಿದ ಬರಿನೀರಿನಲ್ಲಿ ಇಲ್ಲ.
ಮತ್ತೆ ಹಾಕಿದೆ. ಇಲ್ಲ.

ಒಂದೊಂದೇ ಮನೆಗೆ ಅದು ಗದ್ದಲ.
ಏಳನ್ನೂ ಒಂದರ ಮೇಲೊಂದು ಇಟ್ಟರೆ,
ಗುಡ್ಡ ಅನ್ನಲಾರೆ,
ಒಂದು ಏರು.
ಕೌಲ್ ಬಜಾರಿನ ದಾರಿಯ ಹಾಗೆ,
ಕಣ್ಣಿಗೆ ಸಪಾಟು,
ಸೈಕಲ್ಲು ತುಳಿಯುವವರ ಮೊಣಕಾಲಿಗೆ ಮಾತ್ರ ಗೊತ್ತು.

ಸಂಜೆ ಅವಳದೇ ಫೋನು.
"ಏನೋ ಒಂದು ಐತಮ್ಮ. ತೂಕ ಸಿಕ್ಕೈತಿ,
ಹೆಸರು ಸಿಕ್ಕಿಲ್ಲ."
ಆ ಕಡೆ ಹೊಲಿಗೆ ಮಿಷನ್ನುಗಳು ಓಡುತ್ತಿದ್ದವು.
"ಚಿಂದಿನೂ ತೂಕಕ್ಕ ಮಾರ್ತೀವ್ರಿ ನಾವು,
ಅದರ ಹೆಸರು ಯಾರು ಕೇಳ್ತಾರ?
ಕುಡೀಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಗಾದಿಲಿಂಗ ಟೈಪು ನಿಲ್ಲಿಸಿ ನನ್ನ ಮುಖ ನೋಡಿದ.
ಕಟ್ಟಳೆಯ ಚೌಕದಲ್ಲಿದ್ದ ಐದನ್ನು ಅಳಿಸಿದೆ.
ಅಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ,
ಕರ್ಸರು ಸುಮ್ಮನೆ ಮಿಣುಕುತ್ತಿತ್ತು.
"ಇವತ್ತಿಗೆ ಬ್ಯಾಡಮ್ಮ" ಅಂದೆ.